ಗಂಧರಾಜ ಯಾಕೆ ಹಳದಿಯಾಯಿತು? ಬೆಂಗಳೂರಿನ ಒಂದು ತಾರಸಿ ಗಿಡದ ಪ್ರಕರಣ

ಗಿಡ: ಗಂಧರಾಜ, ಹಲವು ಸುತ್ತಿನ ಹೂವಿನ ತಳಿ. ಜಾಗ: ಬೆಂಗಳೂರಿನ ಪೂರ್ವ ಭಾಗದ ಒಂದು ಮನೆಯ ತಾರಸಿ. ಕುಂಡ: ಸಿಮೆಂಟಿನದು. ನೀರು: ಬೋರ್‌ವೆಲ್‌ನದು. ತೊಂದರೆ: ಹೊಸ ಎಲೆಗಳು ಹಳದಿ ತಿರುಗುತ್ತಿವೆ, ಮೊಗ್ಗುಗಳು ಅರಳುವ ಮೊದಲೇ ಉದುರುತ್ತಿವೆ.

ಈ ಊರಿನಲ್ಲಿ ಇಂಥ ಗಂಧರಾಜಗಳನ್ನು ಬೇಕಾದಷ್ಟು ನೋಡಿದ್ದೇನೆ. ತಂದು ನೆಟ್ಟವರು ಮೊದಲ ವರ್ಷ ಹೂವು ನೋಡಿ ಖುಷಿಪಡುತ್ತಾರೆ. ಎರಡನೇ ವರ್ಷ ಗೊಬ್ಬರದ ಅಂಗಡಿಗೆ ಅಲೆಯುತ್ತಾರೆ. ಮೂರನೇ ವರ್ಷ ಗಿಡ ಕಿತ್ತು ಬಿಸಾಡುತ್ತಾರೆ. ಅದಕ್ಕೇ ಈ ಒಂದು ಗಿಡದ ವಿಷಯವನ್ನು ಪೂರ್ತಿ ಬರೆಯಬೇಕು ಅನಿಸಿತು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಪೇಟೆಯ ಗಂಧರಾಜಕ್ಕೆ ಕಡಿಮೆ ಬಿದ್ದಿರುವುದು ಗೊಬ್ಬರ ಅಲ್ಲ. ಅದನ್ನು ಸೊರಗಿಸುತ್ತಿರುವುದು ನಾವು ದಿನಾ ಹಾಕುವ ನೀರು.

ಗಿಡದ ಹಿನ್ನೆಲೆ

ಈ ಮನೆಯ ರಾಯರು ಬ್ಯಾಂಕಿನಿಂದ ನಿವೃತ್ತರಾದವರು. ಅವರ ಮನೆಯವರನ್ನು ನಮ್ಮ ಬೀದಿಯವರೆಲ್ಲ ‘ಅಮ್ಮ’ ಎಂದೇ ಕರೆಯುತ್ತೇವೆ. ಅಮ್ಮನ ತವರು ತೀರ್ಥಹಳ್ಳಿ ಕಡೆ. ಅಲ್ಲಿನ ಹಿತ್ತಲಲ್ಲಿ ಗಂಧರಾಜದ ಒಂದು ಟೊಂಗೆ ನೆಲಕ್ಕೆ ತಾಗಿ ಬೇರು ಬಿಟ್ಟಿತ್ತು. ಅದನ್ನು ಮಣ್ಣಿನ ಹೆಂಟೆ ಸಮೇತ ಅಗೆದು, ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ತಂದಿದ್ದರು. ಆ ಹೆಂಟೆ ಮಣ್ಣು ಈ ಪ್ರಕರಣದಲ್ಲಿ ಮುಖ್ಯ, ಮುಂದೆ ಗೊತ್ತಾಗುತ್ತದೆ.

ಮೊದಲ ವರ್ಷ ಗಿಡ ಚೆನ್ನಾಗಿಯೇ ಇತ್ತು. ಮೇ ತಿಂಗಳಲ್ಲಿ ಹೂವು ಬಿಟ್ಟಿತು. ಸಂಜೆ ತಾರಸಿಗೆ ಹೋದರೆ ಬಟ್ಟೆ ಒಣಗಿಸುವ ಹಗ್ಗದ ತನಕ ಘಮ ಬರುತ್ತಿತ್ತು. ಎರಡನೇ ವರ್ಷ ಚಿಗುರು ತೆಳುವಾಯಿತು. ಆಮೇಲೆ ಹಳದಿಯಾಯಿತು. ಮೊಗ್ಗು ಬಂದವು, ಬೆರಳಿನ ಗೆಣ್ಣಿನಷ್ಟು ಬೆಳೆದವು, ಒಂದೊಂದಾಗಿ ಬುಡದಲ್ಲಿ ಕಳಚಿ ಬಿದ್ದವು.

ಅಮ್ಮನಿಗೆ ಇದು ಅರ್ಥವೇ ಆಗುತ್ತಿರಲಿಲ್ಲ. “ನಮ್ಮ ತವರಲ್ಲಿ ಇದಕ್ಕೆ ಗೊಬ್ಬರ ಹಾಕಿದ್ದನ್ನ ನಾನು ನೋಡೇ ಇಲ್ಲ. ಹಿತ್ತಲ ಬಾಗಿಲ ಪಕ್ಕ ತಾನೇ ಬೆಳ್ಕೊಂಡಿತ್ತು. ಇಲ್ಲಿ ಇಷ್ಟೊಂದು ಮಾಡಿದ್ರೂ ಯಾಕೆ ಹಿಂಗೆ?” ಎಂದು ಕೇಳಿದರು.

ಒಳ್ಳೆಯ ಪ್ರಶ್ನೆ. ತೀರ್ಥಹಳ್ಳಿಗೂ ಬೆಂಗಳೂರಿಗೂ ಏನು ವ್ಯತ್ಯಾಸ ಎಂದು ಹುಡುಕಿದರೆ ಸಾಕು, ಗಿಡದ ಕಾಯಿಲೆ ಸಿಕ್ಕಿಬಿಡುತ್ತದೆ.

ಗಂಧರಾಜದ ಮೂಲ ದಕ್ಷಿಣ ಚೀನಾ, ತೈವಾನ್, ಜಪಾನ್, ವಿಯೆಟ್ನಾಂ ಸುತ್ತಿನ ಮಳೆ ನಾಡು. ‘ಕೇಪ್ ಜಾಸ್ಮಿನ್’ ಎಂಬ ಹೆಸರು ಕೇಳಿ ಇದು ಆಫ್ರಿಕಾದ ಒಣ ಬಿಸಿಲಿನ ಗಿಡ ಅಂದುಕೊಳ್ಳುವವರಿದ್ದಾರೆ. 1750ರ ದಶಕದಲ್ಲಿ ಇಂಗ್ಲೆಂಡಿಗೆ ಇದು ಕೇಪ್ ಆಫ್ ಗುಡ್ ಹೋಪ್ ಮೂಲಕ ಬಂತು, ಹಾಗಾಗಿ ಆ ಹೆಸರು ಅಂಟಿಕೊಂಡಿತು. ಇದು ಮಲ್ಲಿಗೆಯೂ ಅಲ್ಲ ಎಂದು ಆಗಲೇ ಜಾನ್ ಎಲ್ಲಿಸ್ ತೋರಿಸಿದ್ದರು. ಅಮೆರಿಕದ ಚಾರ್ಲ್ಸ್‌ಟನ್‌ನಲ್ಲಿ ವೈದ್ಯರಾಗಿದ್ದ ಅಲೆಕ್ಸಾಂಡರ್ ಗಾರ್ಡನ್ ಅವರ ನೆನಪಿಗೆ ಗಾರ್ಡೇನಿಯಾ ಎಂಬ ಹೆಸರು ಬಂತು.

ನಮಗೆ ಬೇಕಾದ ವಿಷಯ ಬೇರೆ. ಗಂಧರಾಜ ಕಾಫಿ ಕುಟುಂಬದ್ದು. ಕಾಫಿ ತೋಟ ನೋಡಿದವರು ಇದನ್ನು ಕಣ್ಣಾರೆ ಪರೀಕ್ಷಿಸಬಹುದು. ಕೊಂಬೆಯ ಮೇಲೆ ಎಲೆಗಳು ಎದುರುಬದುರಾಗಿ ಜೋಡಿಯಾಗಿರುತ್ತವೆ. ಆ ಎರಡು ಎಲೆಗಳ ತೊಟ್ಟಿನ ನಡುವೆ ಕೊಂಬೆಗೆ ಅಂಟಿಕೊಂಡ ಒಂದು ಸಣ್ಣ ಹಾಳೆಯಂಥ ಪೊರೆ ಕಾಣುತ್ತದೆ. ಕಾಫಿಯಲ್ಲೂ ಅಂಥದ್ದಿದೆ, ಕೇಪಳದಲ್ಲೂ ಇದೆ. ನಮ್ಮ ಕುರುಚಲು ಕಾಡಿನ ಬಿಕ್ಕೆ ಗಿಡವಂತೂ ಗಂಧರಾಜದ ತೀರಾ ಹತ್ತಿರದ ನೆಂಟ, ಅದೂ ಗಾರ್ಡೇನಿಯಾವೇ. ಬಿಕ್ಕೆ ಕಲ್ಲು ನೆಲದಲ್ಲಿ, ಬಿಸಿಲಲ್ಲಿ ಬಾಳುವ ಗಟ್ಟಿ ಗಿಡ. ಗಂಧರಾಜಕ್ಕೆ ಆ ಗಟ್ಟಿತನ ಇಲ್ಲ. ಅದಕ್ಕೆ ಹುಳಿ ಮಣ್ಣೇ ಬೇಕು. ಪಿಎಚ್ ಅಂದರೆ ಹುಳಿ, ಕ್ಷಾರ ಅಳೆಯುವ ಅಂಕಿ: 7 ನಡುವಿನದು, ಅದಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ಅದು 5ರಿಂದ 6ರ ಆಸುಪಾಸು ಇದ್ದರೆ ಗಂಧರಾಜ ಸುಖವಾಗಿರುತ್ತದೆ. 7 ದಾಟಿತು ಅಂದರೆ ಕಷ್ಟ ಶುರು.

ತೀರ್ಥಹಳ್ಳಿ ತಾಲ್ಲೂಕಿನಲ್ಲೇ ಆಗುಂಬೆ ಇದೆ. ಅಷ್ಟು ಮಳೆ ಬೀಳುವ ಸೀಮೆಯಲ್ಲಿ ಮಣ್ಣಿನ ಸುಣ್ಣದ ಅಂಶವೆಲ್ಲ ವರ್ಷ ವರ್ಷ ತೊಳೆದು ಹೋಗುತ್ತದೆ. ಉಳಿಯುವುದು ಹುಳಿ ಮಣ್ಣು. ಅದರ ಮೇಲೆ ಕೊಳೆತ ತರಗೆಲೆ. ಅಮ್ಮನ ತವರಿನ ಗಿಡಕ್ಕೆ ಯಾರೂ ಏನೂ ಮಾಡದಿದ್ದರೂ ನಡೆಯುತ್ತಿದ್ದದ್ದು ಇದರಿಂದ. ಬಸ್ಸಿನಲ್ಲಿ ಬಂದ ಹೆಂಟೆ ಮಣ್ಣು ಬೆಂಗಳೂರಿನಲ್ಲಿ ಒಂದು ವರ್ಷ ಗಿಡವನ್ನು ಕಾಪಾಡಿತು. ಆಮೇಲೆ ಆ ಹುಳಿ ಮುಗಿಯಿತು.

ಆಗಲೇ ಮಾಡಿದ್ದ ಚಿಕಿತ್ಸೆಗಳು

ರಾಯರದು ಬ್ಯಾಂಕಿನ ಅಭ್ಯಾಸ. ಗಿಡಕ್ಕೆ ಏನು ಹಾಕಿದರೂ ಡೈರಿಯಲ್ಲಿ ಬರೆದಿಟ್ಟಿದ್ದರು. ಇಂಥ ದಾಖಲೆ ಸಿಗುವುದು ಅಪರೂಪ. ಗಿಡ ನೋಡಲು ಕರೆಯುವವರು ಸಾಮಾನ್ಯವಾಗಿ “ಏನೂ ಹಾಕಿಲ್ಲ” ಎನ್ನುತ್ತಾರೆ. ಒಂದೊಂದಾಗಿ ಕೇಳಿದರೆ ಹತ್ತು ವಸ್ತು ಹೊರಬರುತ್ತವೆ.

ಡೈರಿಯಲ್ಲಿ ಇದ್ದದ್ದು: ಮೊದಲು 19:19:19 (ಸಾರಜನಕ, ರಂಜಕ, ಪೊಟ್ಯಾಶ್ ಸಮನಾಗಿರುವ ಗೊಬ್ಬರ). ನಂತರ ಯೂರಿಯಾ ಒಂದು ಚಮಚ. ಹಳದಿ ಹೋಗಲಿಲ್ಲ ಎಂದು ಎಪ್ಸಮ್ ಸಾಲ್ಟ್. ಮೊಗ್ಗು ನಿಲ್ಲಲೆಂದು ಮೂಳೆ ಪುಡಿ. ಪಕ್ಕದ ಮನೆಯವರು ಹೇಳಿದರೆಂದು ಒಲೆ ಬೂದಿ. ಸೊಸೆ ಕೊಟ್ಟ ಮೊಟ್ಟೆ ಸಿಪ್ಪೆಯ ಪುಡಿ. ಹುಳಿ ಮಜ್ಜಿಗೆ. ಕೊನೆಗೆ ಯಾರೋ ಹೇಳಿದ್ದಕ್ಕೆ ಹಳೆಯ ಕಬ್ಬಿಣದ ಮೊಳೆಗಳನ್ನು ಬುಡದಲ್ಲಿ ಚುಚ್ಚಿದ್ದರು.

ಬೂದಿ ಮತ್ತು ಮೊಟ್ಟೆ ಸಿಪ್ಪೆ ಎರಡೂ ಗಂಧರಾಜಕ್ಕೆ ಸಲ್ಲುವ ವಸ್ತುಗಳೇ ಅಲ್ಲ. ಬೂದಿ ಕ್ಷಾರ. ಮೊಟ್ಟೆ ಸಿಪ್ಪೆ ಅಂದರೆ ಸುಣ್ಣ. ಟೊಮೆಟೊ ಗಿಡಕ್ಕೆ ಹಾಕಿ ಒಳ್ಳೆಯದಾಯಿತು ಎಂದು ಇದಕ್ಕೂ ಹಾಕಿದರೆ ಇರುವ ತೊಂದರೆ ದುಪ್ಪಟ್ಟಾಗುತ್ತದೆ. ಮೂಳೆ ಪುಡಿಯಲ್ಲಿ ಸುಣ್ಣವೂ ಇದೆ, ರಂಜಕವೂ ಇದೆ. ರಂಜಕ ಜಾಸ್ತಿಯಾದರೆ ಗಿಡಕ್ಕೆ ಕಬ್ಬಿಣ ಸಿಗುವುದು ಇನ್ನೂ ಕಷ್ಟ. ಕಬ್ಬಿಣದ ಮೊಳೆಯ ಹಿಂದಿನ ಯೋಚನೆ ಸರಿಯಾಗಿತ್ತು, ಗಿಡಕ್ಕೆ ಕಬ್ಬಿಣ ಬೇಕು ಎಂದು ಯಾರಿಗೋ ತಿಳಿದಿತ್ತು. ಆದರೆ ಆ ತುಕ್ಕು ನೀರಲ್ಲಿ ಕರಗುವುದಿಲ್ಲ. ನಮ್ಮ ಕೆಮ್ಮಣ್ಣಿನ ಕೆಂಪೇ ಕಬ್ಬಿಣದ ತುಕ್ಕಿನ ಬಣ್ಣ. ಕುಂಡದ ತುಂಬ ಕಬ್ಬಿಣ ಇತ್ತು. ಗಿಡ ಅದರ ನಡುವೆ ನಿಂತುಕೊಂಡೇ ಕಬ್ಬಿಣವಿಲ್ಲದೆ ಸೊರಗುತ್ತಿತ್ತು.

ಎಲೆ ಏನು ಹೇಳುತ್ತಿತ್ತು

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇದೊಂದು ಗೊತ್ತಿದ್ದರೆ ಮುಕ್ಕಾಲು ಪಾಲು ಗೊಬ್ಬರದ ಖರ್ಚು ಉಳಿಯುತ್ತದೆ.

ಆ ಗಿಡದ ತುದಿಯ ಎಲೆಯೊಂದನ್ನು ಕಿತ್ತು ಬೆಳಕಿಗೆ ಹಿಡಿದೆ. ನಡುವಿನ ದಿಂಡು, ಅದರಿಂದ ಕವಲೊಡೆದ ನರಗಳು, ಅವುಗಳಿಂದ ಹೊರಟ ಸಣ್ಣ ನರಗಳು, ಎಲ್ಲವೂ ಹಸಿರು. ನರಗಳ ನಡುವಿನ ಜಾಗ ಮಾತ್ರ ನಿಂಬೆ ಹಳದಿ. ಅದಕ್ಕಿಂತ ಮೇಲಿನ, ಆಗಷ್ಟೇ ಬಿಚ್ಚಿದ ಎಲೆಗಳಲ್ಲಿ ನರಗಳ ಹಸಿರೂ ಇರಲಿಲ್ಲ. ಪೂರ್ತಿ ಕೆನೆ ಬಣ್ಣ, ಅಂಚಿನಲ್ಲಿ ಕಂದು ಸುಟ್ಟ ಗುರುತು. ಆದರೆ ಕೆಳಗಿನ ಹಳೆಯ ಎಲೆಗಳು? ಅವು ಗಾಢ ಹಸಿರು, ಎಣ್ಣೆ ಒರೆಸಿದಂಥ ಹೊಳಪು. ಗಿಡದ ಬುಡ ನೋಡಿದರೆ ಆರೋಗ್ಯ, ತಲೆ ನೋಡಿದರೆ ಕಾಯಿಲೆ.

ಸಾರಜನಕ ಕಡಿಮೆಯಾದರೆ ಹೀಗಾಗುವುದಿಲ್ಲ. ಸಾರಜನಕವನ್ನು ಗಿಡ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಬಲ್ಲದು. ಕೊರತೆ ಬಂದಾಗ ಹಳೆಯ ಎಲೆಯಿಂದ ತೆಗೆದು ಚಿಗುರಿಗೆ ಕೊಡುತ್ತದೆ. ಹಾಗಾಗಿ ಮೊದಲು ಹಳದಿಯಾಗುವುದು ಕೆಳಗಿನ ಎಲೆ. ಮೆಗ್ನೀಸಿಯಂ ಕೂಡ ಹಾಗೆಯೇ. ಎಲೆಯ ಹಸಿರು ದ್ರವ್ಯದ ನಟ್ಟನಡುವೆ ಇರುವುದು ಮೆಗ್ನೀಸಿಯಂ, ಅದು ಕಡಿಮೆಯಾದರೂ ನರಗಳ ನಡುವೆಯೇ ಹಳದಿ ಕಾಣುತ್ತದೆ. ಆದರೆ ಅದೂ ಹಳೆಯ ಎಲೆಯಿಂದಲೇ ಶುರು. ಎಪ್ಸಮ್ ಸಾಲ್ಟ್ ಕೊಡುವುದು ಮೆಗ್ನೀಸಿಯಂಗಾಗಿ. ಇಲ್ಲಿ ಹಳೆ ಎಲೆಗಳು ಹಸಿರಾಗಿದ್ದವು, ಅಂದರೆ ಅದರ ಅಗತ್ಯವೇ ಇರಲಿಲ್ಲ.

ಕಬ್ಬಿಣ ಹಾಗಲ್ಲ. ಒಮ್ಮೆ ಒಂದು ಎಲೆಗೆ ಸೇರಿತು ಅಂದರೆ ಬಹುಮಟ್ಟಿಗೆ ಅಲ್ಲೇ ಉಳಿಯುತ್ತದೆ, ಹೊಸ ಚಿಗುರಿಗೆ ಸಾಗುವುದಿಲ್ಲ. ಹಸಿರು ದ್ರವ್ಯ ತಯಾರಾಗಲು ಕಬ್ಬಿಣ ಬೇಕೇ ಬೇಕು. ಬೇರಿನಿಂದ ಹೊಸದಾಗಿ ಬರದಿದ್ದರೆ ಹೊಸ ಎಲೆ ಹಳದಿಯಾಗಿಯೇ ಹುಟ್ಟುತ್ತದೆ. ಹಳದಿ ಎಲ್ಲಿದೆ ಎಂದು ನೋಡುವುದು ಇದಕ್ಕೇ. ಕೆಳಗಿದ್ದರೆ ಒಂದು ದಾರಿ, ಮೇಲಿದ್ದರೆ ಇನ್ನೊಂದು ದಾರಿ.

ಆದರೂ ಎಲೆ ನೋಡಿ ತೀರ್ಪು ಕೊಟ್ಟುಬಿಡುವುದು ಸರಿಯಲ್ಲ. ಬೇರು ಕೆಟ್ಟಿದ್ದರೂ ಕಬ್ಬಿಣ ಮೇಲೆ ಬರುವುದಿಲ್ಲ, ಎಲೆ ಇದೇ ರೀತಿ ಕಾಣುತ್ತದೆ. ನೀರು ನಿಂತು ಬೇರು ಕೊಳೆತಿರಬಹುದು. ಬೇರಿಗೆ ಜಂತುಹುಳು ಸೇರಿ ಗಂಟು ಕಟ್ಟಿರಬಹುದು. ಗಂಧರಾಜಕ್ಕೆ ಈ ಜಂತುಹುಳುವಿನ ಕಾಟ ಜಾಸ್ತಿ. ಅಮೆರಿಕದ ಫ್ಲಾರಿಡಾದ ಮರಳು ಮಣ್ಣಿನಲ್ಲಿ ಇದರಿಂದಾಗಿ ಗಂಧರಾಜವನ್ನು ಆಫ್ರಿಕಾದ ಇನ್ನೊಂದು ಗಾರ್ಡೇನಿಯಾದ ಬೇರಿಗೆ ಕಸಿ ಕಟ್ಟಿ ಮಾರುತ್ತಾರೆ.

ಹಾಗಾಗಿ ಕುಂಡವನ್ನು ಮಗುಚಿ ಬೇರು ನೋಡಿದೆವು. ಗಂಟು ಇರಲಿಲ್ಲ. ಕೊಳೆತ ವಾಸನೆ ಇರಲಿಲ್ಲ. ತಳದ ತೂತು ತೆರೆದೇ ಇತ್ತು. ಬೇರುಗಳು ಕುಂಡದ ಗೋಡೆಗೆ ಸುತ್ತಿಕೊಂಡಿದ್ದವು, ಆದರೆ ಬಿಳಿ ತುದಿಗಳು ಕಾಣುತ್ತಿದ್ದವು. ಬೇರು ಜೀವಂತ ಇದೆ ಎಂಬುದಕ್ಕೆ ಅಷ್ಟು ಸಾಕು. ಚಿಗುರಿನ ಸಂದಿಯಲ್ಲಿ ಸ್ವಲ್ಪ ಹಿಟ್ಟು ತಿಗಣೆ, ಅದರ ಹಿಂದೆ ಇರುವೆ. ಬೇವಿನೆಣ್ಣೆಗೆ ಅದು ಬಗ್ಗಿತು. ಅದು ಇಡೀ ಗಿಡವನ್ನು ಹಳದಿ ಮಾಡುವಷ್ಟು ಇರಲಿಲ್ಲ.

ನೀರಿನ ಕಡೆ ತಿರುಗಿದ್ದು

ಮಗುಚಿದ ಕುಂಡದ ಹೊರಮೈ ಮೇಲೆ, ಮಣ್ಣಿನ ಮಟ್ಟದಲ್ಲಿ, ಬಿಳಿ ಪಟ್ಟೆ ಕಟ್ಟಿತ್ತು. ಉಗುರಲ್ಲಿ ಕೆರೆದರೆ ಹಕ್ಕಳೆಯಾಗಿ ಬರುತ್ತಿತ್ತು. ಅದರ ಮೇಲೆ ಅಡುಗೆ ಮನೆಯ ವಿನೆಗರ್ ನಾಲ್ಕು ಹನಿ ಬಿಟ್ಟೆವು. ಬುಸ್ಸೆಂದು ನೊರೆ ಬಂತು. ಸುಣ್ಣ ಎಂಬುದಕ್ಕೆ ಬೇರೆ ಪರೀಕ್ಷೆ ಬೇಕಿಲ್ಲ.

ಆ ಮನೆಯಲ್ಲಿ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಶವರಿನ ತೂತುಗಳು ಮುಚ್ಚಿಕೊಳ್ಳುತ್ತವೆ. ಬೋರ್ ನೀರಿರುವ ಮನೆಗಳಲ್ಲಿ ಇದೆಲ್ಲ ಮಾಮೂಲು. ಭೂಮಿಯ ಆಳದಲ್ಲಿ ಕಲ್ಲಿನ ಬಿರುಕುಗಳಲ್ಲಿ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಮತ್ತು ಬೈಕಾರ್ಬೊನೇಟನ್ನು ಕರಗಿಸಿಕೊಂಡು ಬರುತ್ತದೆ. ಕುಂಡಕ್ಕೆ ಹಾಕಿದ ಮೇಲೆ ನೀರು ಆರಿ ಹೋಗುತ್ತದೆ, ಎಲೆಯಿಂದ ಆವಿಯಾಗುತ್ತದೆ. ಸುಣ್ಣ ಅಲ್ಲೇ ಉಳಿಯುತ್ತದೆ. ದಿನಾ ಒಂದು ಮಗ್ ನೀರು ಅಂದರೆ ದಿನಾ ಒಂದು ಚಿಟಿಕೆ ಸುಣ್ಣ.

ಮಣ್ಣಿನ ಪಿಎಚ್ ನೋಡಲು ಮನೆಯಲ್ಲೇ ಒಂದು ದಾರಿ ಇದೆ. ವಾಹನದ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಂದು, ಒಂದು ಪಾಲು ಮಣ್ಣಿಗೆ ಎರಡು ಪಾಲು ನೀರು ಬೆರೆಸಿ, ಅರ್ಧ ಗಂಟೆ ಬಿಟ್ಟು, ಮೇಲಿನ ತಿಳಿಗೆ ಪಿಎಚ್ ಸ್ಟ್ರಿಪ್ (ಪಿಎಚ್‌ಗೆ ತಕ್ಕಂತೆ ಬಣ್ಣ ಬದಲಿಸುವ ಕಾಗದದ ಪಟ್ಟಿ) ಅದ್ದಬೇಕು. ಪ್ರಯೋಗಾಲಯದಷ್ಟು ನಿಖರ ಅಲ್ಲ, ಆದರೆ 5ಕ್ಕೂ 8ಕ್ಕೂ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಈ ಕುಂಡದ ಮಣ್ಣು 8ರ ಬಣ್ಣ ತೋರಿಸಿತು. ಅಮ್ಮ ಮುಂದೆ ಊರಿಗೆ ಹೋದಾಗ ತಾಯಿ ಗಿಡದ ಬುಡದಿಂದ ಒಂದು ಹಿಡಿ ಮಣ್ಣು ತಂದರು. ಅದು 5 ಮತ್ತು 6ರ ನಡುವೆ ಬಂತು.

ಈ ಅಂತರ ಕೇಳಲು ಚಿಕ್ಕದು, ಗಿಡಕ್ಕೆ ಬಹಳ ದೊಡ್ಡದು. ಪಿಎಚ್ ಒಂದು ಅಂಕಿ ಏರಿದರೆ ಮಣ್ಣಿನ ನೀರಿನಲ್ಲಿ ಕರಗಿರುವ ಕಬ್ಬಿಣ ಸುಮಾರು 1000 ಪಟ್ಟು ಕಡಿಮೆಯಾಗುತ್ತದೆ. ಕಬ್ಬಿಣ ಎಲ್ಲಿಗೂ ಹೋಗಿಲ್ಲ, ಗಿಡ ಕುಡಿಯಲಾರದ ರೂಪಕ್ಕೆ ತಿರುಗಿದೆ, ಅಷ್ಟೇ.

ಇನ್ನೂ ಒಂದು ವಿಷಯ ಡೈರಿಯಲ್ಲಿ ಇರಲಿಲ್ಲ. ಅದು ಗೊಬ್ಬರ ಅಲ್ಲವಾದ್ದರಿಂದ ರಾಯರು ಬರೆದಿರಲಿಲ್ಲ. ತಾರಸಿಯ ಬಾಗಿಲ ಬಳಿ ಒಂದು ನೀಲಿ ಬಕೆಟ್ ಇಟ್ಟಿದ್ದರು. “ಇದೇನಮ್ಮಾ?” ಎಂದು ಕೇಳಿದೆ. “ಫಿಲ್ಟರಿನ ವೇಸ್ಟ್ ನೀರು ಕಣಮ್ಮಾ. ಸುಮ್ನೆ ಮೋರಿಗೆ ಯಾಕೆ ಬಿಡೋದು ಅಂತ ಹಿಡಿದಿಟ್ಟು ಗಿಡಕ್ಕೆ ಹಾಕ್ತೀನಿ” ಎಂದರು.

ಆರ್‌ಒ ಫಿಲ್ಟರ್ ನೀರಿನ ಲವಣವನ್ನು ನಾಶ ಮಾಡುವುದಿಲ್ಲ, ಬೇರ್ಪಡಿಸುತ್ತದೆ. ಕುಡಿಯುವ ನೀರಿನಿಂದ ತೆಗೆದದ್ದೆಲ್ಲ ವೇಸ್ಟ್ ಪೈಪಿನ ನೀರಿಗೆ ಸೇರುತ್ತದೆ. ಮೊದಲೇ ಗಡಸು ಬೋರ್ ನೀರು, ಅದನ್ನು ಇನ್ನಷ್ಟು ಗಟ್ಟಿ ಮಾಡಿದ ನೀರು ಇದು. ಆ ಬಕೆಟ್ ಇಟ್ಟದ್ದು ಒಂದು ವರ್ಷದ ಹಿಂದೆ, ಹೊಸ ಫಿಲ್ಟರ್ ಹಾಕಿಸಿದಾಗ. ಗಿಡ ಸೊರಗಲು ಶುರುವಾದದ್ದೂ ಅದೇ ಸುಮಾರಿಗೆ. ನೀರು ಉಳಿಸುವ ಮನಸ್ಸು ತುಂಬ ಒಳ್ಳೆಯದು, ಆ ನೀರನ್ನು ನೆಲ ಒರೆಸಲು, ಟಾಯ್ಲೆಟ್ಟಿಗೆ ಬಳಸಿ ಎಂದು ಹೇಳಿದೆ. ಕುಂಡದ ಗಿಡಕ್ಕೆ ಬೇಡ. ಗಂಧರಾಜ, ಕೇಪಳ, ಅಜೇಲಿಯಾದಂಥ ಹುಳಿ ಮಣ್ಣಿನ ಗಿಡಗಳಿಗಂತೂ ಖಂಡಿತ ಬೇಡ.

ಕುಂಡ ಸಿಮೆಂಟಿನದು ಎಂಬುದೂ ಇದಕ್ಕೆ ಸೇರಿತು. ಹೊಸ ಸಿಮೆಂಟ್ ಕುಂಡದಿಂದ ಸುಣ್ಣ ಬಿಡುತ್ತದೆ. ವರ್ಷಗಳು ಕಳೆದಂತೆ ಕಡಿಮೆಯಾಗುತ್ತದೆ ನಿಜ, ಆದರೆ ಈ ಗಿಡಕ್ಕೆ ಆ ರಗಳೆಯೇ ಯಾಕೆ?

ಏನು ಮಾಡಿದೆವು

ಜೂನ್‌ನಲ್ಲಿ ಎರಡು ಮಳೆ ಬಿದ್ದ ಮೇಲೆ ಗಿಡವನ್ನು ಮಣ್ಣಿನ ಕುಂಡಕ್ಕೆ ಬದಲಾಯಿಸಿದೆವು. ಸುತ್ತಿಕೊಂಡಿದ್ದ ಬೇರುಗಳನ್ನು ಬಿಡಿಸಿ, ಹೊರಗಿನ ಮಣ್ಣನ್ನು ಮೆಲ್ಲಗೆ ಉದುರಿಸಿ, ಬಕೆಟ್ ಮಳೆನೀರಿನಲ್ಲಿ ಅದ್ದಿ ತೆಗೆದೆವು. ಹೊಸ ಮಿಶ್ರಣ: ಕೆಮ್ಮಣ್ಣು, ಚೆನ್ನಾಗಿ ತೊಳೆದ ತೆಂಗಿನ ನಾರಿನ ಪುಡಿ, ಕೊಳೆತ ಎಲೆಗೊಬ್ಬರ, ನೀರು ಬಸಿಯಲು ಒಂದಿಷ್ಟು ದಪ್ಪ ಮರಳು. ನಾರಿನ ಪುಡಿ ತೊಳೆಯುವುದನ್ನು ಬಿಡಬಾರದು, ಅದರಲ್ಲಿ ಉಪ್ಪಿರುತ್ತದೆ. ಮೇಲೆ ಒಣ ಎಲೆಯ ಹೊದಿಕೆ.

ಕಾಫಿ ಗಸಿ ಹಾಕಬಹುದಾ ಎಂದು ರಾಯರು ಕೇಳಿದರು. ಫಿಲ್ಟರ್ ಕಾಫಿ ಮಾಡಿದ ಮೇಲೆ ಉಳಿಯುವ ಗಸಿಯಲ್ಲಿ ಹುಳಿ ಬಹುಪಾಲು ಲೋಟಕ್ಕೆ ಹೋಗಿರುತ್ತದೆ. ಅದು ಕಾಂಪೋಸ್ಟಿಗೆ ಒಳ್ಳೆಯ ಸಾಮಗ್ರಿ, ಮಣ್ಣು ಹುಳಿ ಮಾಡುವ ಔಷಧ ಅಲ್ಲ.

ಗಿಡ ತಕ್ಷಣಕ್ಕೆ ಚೇತರಿಸಿಕೊಳ್ಳಲಿ ಎಂದು ಅನ್ನಭೇದಿ ಸಿಂಪಡಿಸಿದೆವು. ಅನ್ನಭೇದಿ ಅಂದರೆ ಫೆರಸ್ ಸಲ್ಫೇಟ್, ಗೊಬ್ಬರದ ಅಂಗಡಿಯಲ್ಲಿ ಸಿಗುವ ತಿಳಿ ಹಸಿರು ಹರಳು. ಕಂದು ಬಣ್ಣಕ್ಕೆ ತಿರುಗಿದ್ದರೆ ಕೊಳ್ಳಬಾರದು, ಅದರ ಕಬ್ಬಿಣ ಆಗಲೇ ಗಿಡಕ್ಕೆ ದಕ್ಕದ ರೂಪಕ್ಕೆ ಹೋಗಿರುತ್ತದೆ. ಲೀಟರ್ ಮಳೆನೀರಿಗೆ 2 ಗ್ರಾಂ ಅನ್ನಭೇದಿ, ಒಂದು ಚಿಟಿಕೆ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್. ಆಗಲೇ ಬೆರೆಸಿ, ಸಂಜೆ ಹೊತ್ತು, ಎಲೆಯ ಅಡಿಭಾಗ ನೆನೆಯುವ ಹಾಗೆ ಸಿಂಪಡಿಸಬೇಕು. ಬಿಸಿಲಲ್ಲಿ ಬೇಡ, ಎಲೆ ಸುಡುತ್ತದೆ. ಗೋಡೆ, ಟೈಲ್ಸ್ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದೇ ಇಲ್ಲ.

ಸಿಂಪಡಿಸಿದ ಎಲೆಗಳು ಮಚ್ಚೆ ಮಚ್ಚೆಯಾಗಿ ಹಸಿರಾದವು. ಹನಿ ಬಿದ್ದಲ್ಲಿ ಹಸಿರು, ಬೀಳದಲ್ಲಿ ಹಳದಿ. ನೋಡಲು ಚೆಂದ ಕಾಣಲಿಲ್ಲ, ಆದರೆ ನನಗೆ ಅದೇ ಬೇಕಿತ್ತು. ಕೊರತೆ ಕಬ್ಬಿಣದ್ದೇ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಾ?

ಮಣ್ಣಿಗೆ ಹಾಕಲು ಬೇರೆ ವಸ್ತು ಬೇಕು. ಕ್ಷಾರದ ಮಣ್ಣಿಗೆ ಅನ್ನಭೇದಿ ಹಾಕಿದರೆ ಬೇಗ ಕೈಕೊಡುತ್ತದೆ. ಅದಕ್ಕೆ ಚೀಲೇಟ್ ಕಬ್ಬಿಣ ಬರುತ್ತದೆ, ಅಂದರೆ ಕಬ್ಬಿಣವನ್ನು ಇನ್ನೊಂದು ವಸ್ತು ಹಿಡಿದುಕೊಂಡು ಕರಗಿದ ರೂಪದಲ್ಲೇ ಇಟ್ಟಿರುತ್ತದೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಇಡಿಟಿಎ. ಅದು ಹುಳಿ ಮಣ್ಣಿನಲ್ಲಿ ಸರಿ, ಪಿಎಚ್ 6.5 ದಾಟಿದರೆ ಹಿಡಿತ ಬಿಡುತ್ತದೆ. ಇಡಿಡಿಎಚ್‌ಎ ಎಂಬುದು 8, 9ರವರೆಗೂ ಹಿಡಿದಿಡುತ್ತದೆ. ಬೆಲೆ ಜಾಸ್ತಿ. ನೀರಿಗೆ ಹಾಕಿದರೆ ಕಡು ಕೆಂಪಾಗುತ್ತದೆ. ಪ್ಯಾಕೆಟ್ಟಿನ ಮೇಲೆ ಯಾವುದೆಂದು ಓದಿಯೇ ಕೊಳ್ಳಬೇಕು. ಗಡಸು ನೀರಿನ ಮನೆಯಲ್ಲಿ ಇಡಿಟಿಎ ಕೊಂಡವರು “ಕಬ್ಬಿಣ ಹಾಕಿದರೂ ಪ್ರಯೋಜನ ಆಗಲಿಲ್ಲ” ಎನ್ನುವುದು ಇದರಿಂದಲೇ.

ಇಷ್ಟೆಲ್ಲ ಮಾಡಿ ಮತ್ತೆ ಅದೇ ಬೋರ್ ನೀರು ಹಾಕಿದರೆ ಮುಂದಿನ ವರ್ಷ ಮತ್ತೆ ಇಲ್ಲಿಗೇ ಬರುತ್ತೇವೆ. ಬೆಂಗಳೂರಿನಲ್ಲಿ 2009ರಿಂದ ದೊಡ್ಡ ಸೈಟಿನ ಮನೆಗಳಿಗೆ ಮಳೆನೀರು ಕೊಯ್ಲು ಕಡ್ಡಾಯ. ಈ ಮನೆಯಲ್ಲೂ ಪೈಪ್ ಇತ್ತು, ನೀರು ಇಂಗುಗುಂಡಿಗೆ ಹೋಗುತ್ತಿತ್ತು. ಆ ಪೈಪಿನ ನಡುವೆ ಒಂದು ಕವಲು ಕೊಟ್ಟು ಡ್ರಮ್ಮಿಗೆ ತಿರುಗಿಸಿದೆವು. ಒಂದೇ ಕುಂಡಕ್ಕೆ ಒಂದು ಡ್ರಮ್ ಬಹಳ ದಿನ ಬರುತ್ತದೆ. ಮಳೆನೀರು ಮುಗಿದ ಮೇಲೆ, ಎಸಿಯಿಂದ ಹನಿಯುವ ನೀರನ್ನು ಹಿಡಿದರೂ ಆಗುತ್ತದೆ, ಅದರಲ್ಲಿ ಸುಣ್ಣ ಇರುವುದಿಲ್ಲ.

ಎರಡೂ ಇಲ್ಲದಾಗ ಬೋರ್ ನೀರಿಗೇ ನಿಂಬೆ ಉಪ್ಪು ಹಾಕುವುದು. 10 ಲೀಟರ್ ಬಕೆಟ್ಟಿಗೆ ಅರ್ಧ ಟೀ ಚಮಚದಿಂದ ಶುರು ಮಾಡಿ, ಕಲಕಿ, ಸ್ವಲ್ಪ ಹೊತ್ತು ಬಿಟ್ಟು, ಸ್ಟ್ರಿಪ್ ಅದ್ದಿ ನೋಡಬೇಕು. 6ರ ಆಸುಪಾಸಿಗೆ ಬಂದರೆ ಸಾಕು. ಒಂದೊಂದು ಬೋರ್ ನೀರು ಒಂದೊಂದು ರೀತಿ, ಹಾಗಾಗಿ ಪಕ್ಕದ ಮನೆಯ ಅಳತೆ ನಿಮಗೆ ಹೊಂದಬೇಕೆಂದಿಲ್ಲ. ಇಲ್ಲಿ ಇನ್ನೊಂದು ಮಾತು. ನೀರಿನ ಪಿಎಚ್ ಅಂಕಿಯನ್ನಷ್ಟೇ ನೋಡಿ ಸಮಾಧಾನಪಡಬಾರದು. ಎರಡು ನೀರು ಒಂದೇ 7.5 ತೋರಿಸಬಹುದು, ಒಂದರಲ್ಲಿ ಬೈಕಾರ್ಬೊನೇಟ್ ಕಡಿಮೆ, ಇನ್ನೊಂದರಲ್ಲಿ ತುಂಬ. ಮಣ್ಣನ್ನು ಕೆಡಿಸುವುದು ಎರಡನೆಯದು. ಎಷ್ಟು ನಿಂಬೆ ಉಪ್ಪು ಹಾಕಿದರೆ 6ಕ್ಕೆ ಇಳಿಯುತ್ತದೆ ಎಂಬುದರಿಂದಲೇ ಅದು ಗೊತ್ತಾಗುತ್ತದೆ.

ಆಗಸ್ಟ್ ಹೊತ್ತಿಗೆ ಹೊಸ ಚಿಗುರು ಹಸಿರಾಗಿ ಬಂತು. ಸಿಂಪಡಣೆ ನಿಲ್ಲಿಸಿದ ಮೇಲೂ ಹಸಿರಾಗಿಯೇ ಬಂತು.

ಮೊಗ್ಗಿನ ವಿಷಯ ಬೇರೆ

ಎಲೆ ಸರಿಹೋದರೆ ಮೊಗ್ಗೂ ನಿಲ್ಲುತ್ತದೆ ಎಂದು ಮನೆಯವರೆಲ್ಲ ನಂಬಿದ್ದರು. ಹಾಗಾಗಲಿಲ್ಲ. ಚಳಿಗಾಲದಲ್ಲಿ ಮೊಗ್ಗು ಕಟ್ಟಿದವು, ಎಸಳುಗಳು ಹಗ್ಗ ಹೊಸೆದ ಹಾಗೆ ತಿರುಚಿಕೊಂಡು ತಿಳಿ ಹಸಿರಾಗಿ ದಪ್ಪಗಾದವು. ಮಾರ್ಚ್‌ನಲ್ಲಿ ಮತ್ತೆ ಉದುರಲು ಶುರು.

ಗಂಧರಾಜ ಮೊಗ್ಗು ಕಟ್ಟುವುದು ರಾತ್ರಿ ತಂಪಿದ್ದಾಗ. 15ರಿಂದ 18 ಡಿಗ್ರಿ ಅದಕ್ಕೆ ಇಷ್ಟ. ಬೆಂಗಳೂರಿನ ಡಿಸೆಂಬರ್, ಜನವರಿ ರಾತ್ರಿಗಳು ಹೆಚ್ಚುಕಡಿಮೆ ಹಾಗೇ ಇರುತ್ತವೆ, ಹಾಗಾಗಿ ಮೊಗ್ಗಿಗೆ ಇಲ್ಲಿ ಬರವಿಲ್ಲ. ಕಟ್ಟಿದ ಮೊಗ್ಗನ್ನು ಉಳಿಸಿಕೊಳ್ಳುವುದೇ ಕಷ್ಟ. ರಾತ್ರಿ ಸೆಕೆ, ಒಣ ಗಾಳಿ, ಒಂದು ದಿನ ನೀರು ತಪ್ಪಿ ಮರುದಿನ ತುಂಬಿ ಹರಿಯುವಷ್ಟು ಹಾಕುವುದು, ಕುಂಡವನ್ನು ಅತ್ತಿತ್ತ ಎಳೆಯುವುದು, ಯಾವುದಕ್ಕೂ ಮೊಗ್ಗು ತಡೆಯುವುದಿಲ್ಲ.

ಇಲ್ಲಿ ಕುಂಡ ಇದ್ದದ್ದು ಪಶ್ಚಿಮದ ಮೋಟುಗೋಡೆಗೆ ಒತ್ತಿಕೊಂಡು. ರಾತ್ರಿ ಒಂಬತ್ತಕ್ಕೆ ಆ ಗೋಡೆಗೆ ಕೈ ಇಟ್ಟರೆ ಇನ್ನೂ ಬೆಚ್ಚಗಿತ್ತು. ಹಗಲೆಲ್ಲ ಕುಡಿದ ಬಿಸಿಲನ್ನು ಗೋಡೆ ರಾತ್ರಿಯಿಡೀ ಗಿಡದ ಕಡೆ ಬಿಡುತ್ತಿತ್ತು. ಮೊಗ್ಗಿರುವಾಗ ಕುಂಡ ಅಲುಗಿಸಬಾರದು, ಆದರೆ ಅಲ್ಲೇ ಬಿಟ್ಟರೆ ಎಲ್ಲವೂ ಹೋಗುತ್ತಿದ್ದವು. ಮೆಟ್ಟಿಲ ಕೋಣೆಯ ಪೂರ್ವದ ಬದಿಗೆ ಸಾಗಿಸಿದೆವು. ಅಲ್ಲಿ ಬೆಳಗಿನ ಬಿಸಿಲು, ಮಧ್ಯಾಹ್ನ ನೆರಳು. ಅಡಿಯಲ್ಲಿ ಜಲ್ಲಿ ತುಂಬಿದ ಅಗಲ ತಟ್ಟೆ ಇಟ್ಟು, ಜಲ್ಲಿಯ ಮಟ್ಟಕ್ಕಿಂತ ಕೆಳಗೆ ನೀರು ನಿಲ್ಲಿಸಿದೆವು.

ಸಾಗಿಸಿದ ವಾರ ಇನ್ನಷ್ಟು ಮೊಗ್ಗು ಉದುರಿದವು. ಆಮೇಲೆ ನಿಂತಿತು. ಮೇ ತಿಂಗಳ ಮೊದಲ ಮಳೆಗಳ ನಡುವೆ ಉಳಿದವು ಅರಳಿದವು. ಸಂಜೆ ಅಚ್ಚ ಬಿಳಿಯಾಗಿ ಬಿಚ್ಚಿ, ಎರಡು ಮೂರು ದಿನದಲ್ಲಿ ಕೆನೆ ಬಣ್ಣ, ಆಮೇಲೆ ಹಳದಿ. ಹೂವಿನ ಈ ಹಳದಿ ಕಾಯಿಲೆ ಅಲ್ಲ, ಅದು ಅದರ ಸ್ವಭಾವ.

ಇನ್ನೊಂದು ಕಾರಣವೂ ಡೈರಿಯಲ್ಲೇ ಸಿಕ್ಕಿತು. ಹಿಂದಿನ ವರ್ಷ ನವೆಂಬರ್‌ನಲ್ಲಿ ಗಿಡವನ್ನು ದುಂಡಗೆ ಕತ್ತರಿಸಿದ್ದರು. ಗಂಧರಾಜದ ಮೊಗ್ಗು ಬರುವುದು ಟೊಂಗೆಯ ತುದಿಯಲ್ಲಿ. ಹೂವು ಮುಗಿದ ಕೂಡಲೇ, ಜೂನ್ ಜುಲೈಯಲ್ಲಿ ಕತ್ತರಿಸಿದರೆ ಹೊಸ ಟೊಂಗೆ ಬಲಿಯಲು ಸಮಯ ಸಿಗುತ್ತದೆ. ನವೆಂಬರ್‌ನಲ್ಲಿ ಕತ್ತರಿಸಿದರೆ ಮುಂದಿನ ಹೂವನ್ನೇ ಕತ್ತರಿಸಿದಂತೆ.

ಕಾಫಿ ತೋಟದವರು ಸುಣ್ಣ ಹಾಕುತ್ತಾರಲ್ವಾ?

ಈ ಪ್ರಶ್ನೆ ಬಂದದ್ದು ಚಿಕ್ಕಮಗಳೂರಿನಲ್ಲಿ ತೋಟವಿರುವ ರಾಯರ ಭಾವನಿಂದ. “ನಾವು ಕಾಫಿಗೆ ಸುಣ್ಣ ಹಾಕ್ತೀವಿ, ನೀವು ಅದೇ ಜಾತಿಯ ಗಿಡಕ್ಕೆ ಸುಣ್ಣ ತೆಗೀತಾ ಇದ್ದೀರಿ” ಎಂದರು. ಎರಡೂ ಸರಿ. ಮಲೆನಾಡಿನ ತೋಟದಲ್ಲಿ ಮಳೆ ಮತ್ತು ರಾಸಾಯನಿಕ ಗೊಬ್ಬರ ಸೇರಿ ಮಣ್ಣು ಅತಿ ಹುಳಿಯಾಗುತ್ತದೆ. ಕಾಫಿಗೆ 6ರ ಮೇಲಿದ್ದರೆ ಒಳ್ಳೆಯದು, ಹಾಗಾಗಿ ಮಣ್ಣು ಪರೀಕ್ಷೆ ಮಾಡಿಸಿ ಸುಣ್ಣ ಹಾಕುತ್ತಾರೆ. ಬೆಂಗಳೂರಿನ ತಾರಸಿಯಲ್ಲಿ ಸುಣ್ಣ ನಲ್ಲಿಯಿಂದಲೇ ಬರುತ್ತದೆ. ಮಲೆನಾಡಿನ ನೆಂಟರು ಫೋನಿನಲ್ಲಿ ಕೊಡುವ ಸಲಹೆ ಅವರ ಹಿತ್ತಲಿಗೆ ಖಂಡಿತ ಸರಿಯಾಗಿರುತ್ತದೆ, ಆದರೆ ಇಲ್ಲಿನ ಕುಂಡಕ್ಕೆ ಹಾಕುವ ಮೊದಲು ಸ್ಟ್ರಿಪ್ ನೋಡಬೇಕು.

ಈಗ ಗಿಡ ಹೇಗಿದೆ? ವಾಸಿಯಾಯಿತು ಎಂದು ಹೇಳಲಾರೆ, ಹಿಡಿತಕ್ಕೆ ಬಂದಿದೆ. ಡ್ರಮ್ಮಿನ ಮಳೆನೀರು ಫೆಬ್ರವರಿ ಹೊತ್ತಿಗೆ ಮುಗಿಯಿತು. ನಿಂಬೆ ಉಪ್ಪಿನ ನೀರಿನ ಮೇಲೆ ಇದ್ದ ತಿಂಗಳುಗಳಲ್ಲಿ ಎರಡು ಟೊಂಗೆಗಳ ತುದಿ ಸ್ವಲ್ಪ ಬಣ್ಣಗೆಟ್ಟಿತು, ಇಡಿಡಿಎಚ್‌ಎ ಒಮ್ಮೆ ಕೊಟ್ಟ ಮೇಲೆ ಸರಿಹೋಯಿತು. ಗಡಸು ನೀರಿನ ಊರಿನಲ್ಲಿ ಈ ಗಿಡ ಇಟ್ಟುಕೊಂಡರೆ ಪ್ರತಿ ಬೇಸಿಗೆಯೂ ಇಷ್ಟು ನಿಗಾ ಬೇಕೇ ಬೇಕು. ಅದಕ್ಕೆ ತಯಾರಿಲ್ಲದವರು ನಂದಿಬಟ್ಟಲು ಹಾಕಿಕೊಳ್ಳುವುದು ಒಳ್ಳೆಯದು. ಪರಿಮಳ ಅಷ್ಟಿಲ್ಲ, ಆದರೆ ಬೋರ್ ನೀರಿನಲ್ಲೂ ನಗುತ್ತಾ ಬೆಳೆಯುತ್ತದೆ.

ಒಂದು ಕೆಲಸ ಬಾಕಿ ಇದೆ. ಅದೇ ಮನೆಯ ಗೇಟಿನ ಪಕ್ಕ ನೆಲದಲ್ಲಿರುವ ಕೇಪಳದ ಚಿಗುರೂ ಹಳದಿ, ನರ ಹಸಿರು. ಅದಕ್ಕೆ ಆರ್‌ಒ ನೀರು ಹೋಗುತ್ತಿರಲಿಲ್ಲ. ಬುಡ ಅಗೆದು ನೋಡಿದರೆ ಕಾಂಪೌಂಡ್ ಕಟ್ಟುವಾಗ ಹೂತುಬಿಟ್ಟ ಗಾರೆ ಚೂರುಗಳು, ಇಟ್ಟಿಗೆ ತುಂಡುಗಳು. ಕೈಗೆ ಸಿಕ್ಕಷ್ಟು ಗಾರೆ ತೆಗೆದು, ಎಲೆಗೊಬ್ಬರದ ಜೊತೆ ಗಂಧಕದ ಪುಡಿ ಬೆರೆಸಿದ್ದೇವೆ. ಗಂಧಕ ತಾನಾಗಿ ಹುಳಿ ಅಲ್ಲ. ಮಣ್ಣಿನ ಬ್ಯಾಕ್ಟೀರಿಯಾ ಅದನ್ನು ಆಮ್ಲವಾಗಿ ಮಾಡಬೇಕು, ಅದಕ್ಕೆ ತೇವವೂ ಬೆಚ್ಚನೆಯ ಮಣ್ಣೂ ಕೆಲವು ತಿಂಗಳ ಸಮಯವೂ ಬೇಕು. ದೀಪಾವಳಿ ಕಳೆದ ಮೇಲೆ ಆ ಮಣ್ಣನ್ನು ಮತ್ತೆ ಸ್ಟ್ರಿಪ್ಪಿಗೆ ಹಿಡಿಯುತ್ತೇವೆ. 7ಕ್ಕಿಂತ ಕೆಳಗೆ ಇಳಿಯದಿದ್ದರೆ ಕೇಪಳವನ್ನು ಅಲ್ಲಿಂದ ಎಬ್ಬಿಸಿ ಗೋಡೆಯಿಂದ ದೂರ ನೆಡುವುದು ಎಂದು ತೀರ್ಮಾನಿಸಿದ್ದೇವೆ.